ಫಾಸ್ಟಿನಾಳ ಕೆನ್ನೆಯ ಕೆಂಪು

ಮೊದಲು ನಾನು ಅನುಮಾನಪಟ್ಟಿದ್ದು ಯಂತ್ರದ ಮೇಲೆ. ಸಾವಿರದ ಎಂಟುನೂರು ವರ್ಷಕ್ಕೂ ಹಳೆಯದೆಂದು ಹೇಳಲಾದ ಬೆಳ್ಳಿ ನಾಣ್ಯ, ಅದರಲ್ಲಿ ರೋಮಿನ ಒಬ್ಬ ರಾಣಿಯ ಮುಖ, ಆ ಮುಖದ ಕೆನ್ನೆಯ ಮೇಲೆ ಪಾದರಸವಿದೆ ಎಂದು ಪರದೆ ತೋರಿಸುತ್ತಿತ್ತು. ಪಕ್ಕದಲ್ಲಿಟ್ಟಿದ್ದ ಉಳಿದ ರಾಣಿಯರ ಮುಖಗಳಲ್ಲಿ ಅದರ ಸುಳಿವೇ ಇರಲಿಲ್ಲ. ಇಂಥಾ ಹೊತ್ತಿನಲ್ಲಿ ಯಾರಾದರೂ ಮೊದಲು ಬೈಯುವುದು ಯಂತ್ರವನ್ನೇ.

ಇಂಗ್ಲೆಂಡಿನ ವಾರಿಂಗ್ಟನ್ ಪಕ್ಕದ ಬರ್ಚ್‌ವುಡ್‌ನಲ್ಲಿ ನಮ್ಮ ಲ್ಯಾಬ್ ಇತ್ತು. ಅಣುಸ್ಥಾವರಗಳಿಗೆ ಹೋಗುವ ಕವಾಟ, ಬೋಲ್ಟು, ಪೈಪಿನ ತುಂಡು ಹೇಳಿದ ಲೋಹದಿಂದಲೇ ಆಗಿವೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಎಕ್ಸ್-ರೇ ಹಾಯಿಸಿದರೆ ಲೋಹ ತನ್ನ ಹೆಸರು ಹೇಳುತ್ತದೆ. ಆದರೆ ಮೇಲ್ಮೈಯ ಹೆಸರು ಮಾತ್ರ. ಒಳಗೇನಿದೆ ಎಂದು ಅದು ಹೇಳುವುದಿಲ್ಲ. ಉತ್ತರದ ಒಂದು ಊರಿನ ವಸ್ತುಸಂಗ್ರಹಾಲಯದವರು ಈ ನಾಣ್ಯಗಳ ಪೆಟ್ಟಿಗೆ ಕಳಿಸಿದ್ದರು. ಶೆಫೀಲ್ಡಿನ ನಿವೃತ್ತ ಡಾಕ್ಟರೊಬ್ಬರು ಇಡೀ ಸಂಗ್ರಹವನ್ನು ದಾನ ಕೊಡುತ್ತಿದ್ದಾರೆ, ಒಪ್ಪಿಕೊಳ್ಳುವ ಮುಂಚೆ ಲೋಹ ನೋಡಿ ಹೇಳಿ ಎಂದು ಕ್ಯುರೇಟರ್ ಕೇಳಿಕೊಂಡಿದ್ದಳು. ಡಾಕ್ಟರ ಹೆಸರು ಓದಿದಾಗ ಅವರು ನಮ್ಮ ಧಾರವಾಡ ಕಡೆಯವರೆಂದು ಗೊತ್ತಾಯಿತು. ಪರಿಚಯವಿರಲಿಲ್ಲ. ಅಷ್ಟನ್ನು ಆವತ್ತೇ ಕ್ಯುರೇಟರ್‌ಗೆ ಹೇಳಿದ್ದೆ. ಹೇಳಿದ್ದೆ ಅಂತಲೇ ನನ್ನ ನೆನಪು.

ಬ್ರೆಕ್ಸಿಟ್ ಮತದಾನದ ಹಿಂದಿನ ವರ್ಷ ಇರಬೇಕು, ಅಥವಾ ಅದರ ಹಿಂದಿನದು. ಈ ಸಂಗತಿಯನ್ನು ಆಮೇಲೆ ಎಷ್ಟೋ ಜನರಿಗೆ ಹೇಳಿದ್ದೇನೆ, ಹೇಳಿದ ಪ್ರತಿಸಲವೂ ಅದು ಒಂದಿಷ್ಟು ನುಣುಪಾಗಿದೆ. ನುಣುಪಾದದ್ದನ್ನು ನಂಬದಿರುವುದೇ ನನ್ನ ಕಸುಬು. ಆದ್ದರಿಂದ ಬೆಸುಗೆ ಕಂಡಲ್ಲಿ ಕಂಡಿತೆಂದು ಹೇಳುತ್ತ ಹೋಗುತ್ತೇನೆ.

ಯಂತ್ರದ ಕಿಂಡಿ ಒರೆಸಿದೆ. ಹಿಂದಿನ ದಿನ ಯಾರು ಏನು ಅಳೆದಿದ್ದರೆಂದು ಕೇಳಿದೆ. ಲೋಹಾಂಶ ಮೊದಲೇ ಗೊತ್ತಿರುವ ಬಿಲ್ಲೆಯೊಂದು ಇರುತ್ತದೆ, ಅದನ್ನಿಟ್ಟು ನೋಡಿದೆ. ಯಂತ್ರ ಸರಿಯಾಗಿಯೇ ಓದಿತು. ಮತ್ತೆ ಆ ರಾಣಿಯನ್ನಿಟ್ಟೆ. ಫಾಸ್ಟಿನಾ ಆಕೆಯ ಹೆಸರು, ಚಕ್ರವರ್ತಿಯೊಬ್ಬನ ಹೆಂಡತಿ. ಮತ್ತೆ ಪಾದರಸ. ಆಗ ನಾಣ್ಯವನ್ನು ಮಗುಚಿ ಹಾಕಿದೆ.

ಈ ನಾಣ್ಯಗಳಿಗೆಲ್ಲ ಎರಡು ಹೆಂಗಸರು. ಮುಂದೆ ರಾಣಿ, ಹೆಸರು ಸಮೇತ. ಹಿಂದೆ ನಿಂತವಳು ಯಾರ ಹೆಂಡತಿಯೂ ಅಲ್ಲ, ಆಕೆ ಒಂದು ಗುಣ. ಮುಸುಕು ಎಳೆದುಕೊಳ್ಳುತ್ತಿರುವವಳು ಶೀಲ. ಬೆಂಕಿಯ ಮೇಲೆ ಧೂಪ ಹಾಕುತ್ತಿರುವವಳು ಭಕ್ತಿ. ಕೊಂಬಿನ ತುಂಬ ಹಣ್ಣು ಹಿಡಿದವಳು ಸಾಮರಸ್ಯ. ರಾಣಿ ಇಂಥವಳು ಎಂದು ಹೇಳುವುದಕ್ಕೆ ಆ ಗುಣವನ್ನು ಅವಳ ಬೆನ್ನಿಗೆ ಒತ್ತುತ್ತಿದ್ದರು. ನಿಜವಾಗಿ ಇದ್ದಳೋ ಇಲ್ಲವೋ, ಒತ್ತಿದವರಿಗೇ ಗೊತ್ತು.

ಹಿಂಭಾಗದಲ್ಲೂ ಪಾದರಸ. ಜೊತೆಗೆ ಸುಣ್ಣದಂಶ. ಇನ್ನೊಂದು ನಾಣ್ಯ ಮಗುಚಿದೆ, ಅದರಲ್ಲೂ. ಎಲ್ಲವನ್ನೂ ಮಗುಚಿದೆ. ಮುಖದ ಕಡೆ ಹಳೆಯ ಬೆಳ್ಳಿಯಲ್ಲಿ ಇರಬೇಕಾದ ಹಾಗೆ ತಾಮ್ರ, ಚೂರು ಸೀಸ, ಚೂರು ಚಿನ್ನ. ಬೆನ್ನ ಕಡೆ ಅವುಗಳ ಮೇಲೆ ಪಾದರಸ, ಪ್ರತಿಯೊಂದರಲ್ಲೂ. ಸಾಲದ್ದಕ್ಕೆ ಮುಖಗಳು ಚೂಪಾಗಿದ್ದವು, ಕೂದಲಿನ ಎಳೆ ಎಣಿಸಬಹುದಿತ್ತು. ಹಿಂದಿನ ಹೆಂಗಸರ ಮೂಗು, ಮೊಣಕಾಲು ಸವೆದಿದ್ದವು. ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಿದ ನಾಣ್ಯ ಒಂದೇ ಮಗ್ಗುಲಲ್ಲಿ ಸವೆಯುವುದಿಲ್ಲ.

ವಸ್ತುಸಂಗ್ರಹಾಲಯಕ್ಕೆ ಸಲಹೆ ಕೊಡುತ್ತಿದ್ದ ನಾಣ್ಯತಜ್ಞ ಬರ್ಮಿಂಗ್‌ಹ್ಯಾಮ್‌ನವನು. ಫೋನಿನಲ್ಲಿ ನಾನು ಹೇಳಿ ಮುಗಿಸುವ ಮೊದಲೇ ಅವನಿಗೆ ಎಲ್ಲ ಅರ್ಥವಾಗಿಬಿಟ್ಟಿತ್ತು.

"ಅಸಲಿ ನಾಣ್ಯದ ಮುಖ ತೆಳ್ಳಗೆ ಕೆತ್ತಿ ತೆಗೆದು ಹೊಸ ಬೆನ್ನಿಗೆ ಬೆಸೆದಿದ್ದಾರೆ. ಬೆನ್ನಿಗೆ ಪಾದರಸ ಹಾಕಿ ಬೆಳ್ಳಿ ಏರಿಸಿದ್ದಾರೆ. ಫಾಸ್ಟಿನಾ ಮಾಡುವಾಗ ಕೈ ಜಾರಿ ಮುಂದಕ್ಕೂ ಹರಿದಿದೆ, ಅಷ್ಟೆ."

"ಅಂಚಿನಲ್ಲಿ ಬೆಸುಗೆ ಕಾಣಿಸುತ್ತಿಲ್ಲ."

"ಕಾಣಿಸಿದರೆ ಅದು ಕೆಟ್ಟ ಬೆಸುಗೆ. ಫಾಸ್ಟಿನಾಳನ್ನೇ ಕೊಯ್ದು ನೋಡೋಣ. ನಮ್ಮೂರಿನ ಅಕ್ಕಸಾಲಿಗರ ಬೀದಿಯಲ್ಲಿ ಸಣ್ಣ ಗರಗಸದವನೊಬ್ಬ ಇದ್ದಾನೆ."

ಕೊಯ್ಯಲು ಡಾಕ್ಟರ ಒಪ್ಪಿಗೆ ಬೇಕಿತ್ತು. ಅವರು ಒಂದೇ ದಿನದಲ್ಲಿ ಕೊಟ್ಟುಬಿಟ್ಟರು. ಕೊಂಡ ದಿನದಿಂದ ಇವನ್ನು ಯಾರೂ ತೊಳೆದಿಲ್ಲ, ತಿಕ್ಕಿಲ್ಲ, ಕೈಗವಸಿಲ್ಲದೆ ಮುಟ್ಟಿಲ್ಲ, ಯಾವುದನ್ನು ಬೇಕಾದರೂ ಕೊಯ್ಯಿರಿ ಎಂದರು. ಆ ಧಾರಾಳತನ ನನಗೆ ಹಿಡಿಸಲಿಲ್ಲ. ಮೂವತ್ತು ವರ್ಷ ಕಾದು ಒಂದೊಂದಾಗಿ ಕೂಡಿಸಿದ ಮನುಷ್ಯ ಇಷ್ಟು ಸುಲಭವಾಗಿ ಕೊಯ್ಯಿರಿ ಅನ್ನುತ್ತಾನೆಯೇ? ಬೆಸುಗೆ ಸಿಕ್ಕರೆ ದಾನ ರದ್ದಾಗುವುದಷ್ಟೇ ಅಲ್ಲ, ನಕಲಿ ನಾಣ್ಯದ ಡಾಕ್ಟರೆಂದು ಅವರ ಹೆಸರು ಎಲ್ಲ ಸಂಗ್ರಹಾಲಯಗಳಿಗೂ ಹೋಗುತ್ತಿತ್ತು. ಸಿಗದಿದ್ದರೂ ಫಾಸ್ಟಿನಾ ಎರಡು ಚೂರಾಗಿರುತ್ತಿದ್ದಳು.

ಗರಗಸದವನ ಬಳಿ ಹೋಗುವ ಮುಂಚಿನ ವಾರ ನಾಣ್ಯಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಮುಸುಕಿನ ಮಡಿಕೆಗಳಲ್ಲಿ ಕೆಂಪು ಕಣಗಳು, ಅವುಗಳ ನಡುವೆ ಬೂದು ಬಣ್ಣದ ನುಣ್ಣನೆ ಪುಡಿ. ಅಕ್ಕಸಾಲಿಗರು ಹೊಳಪು ಕೊಡಲು ಬಳಸುವ ಕೆಂಪು ಪುಡಿ ಎಂದುಕೊಂಡೆ, ಅಂದರೆ ನಕಲಿಯ ಗುರುತು. ಆದರೆ ಅದು ಕಬ್ಬಿಣದ ತುಕ್ಕಿನಿಂದ ಮಾಡಿದ್ದು. ಯಂತ್ರದ ಓದಿನಲ್ಲಿ ಕಬ್ಬಿಣ ಏರಿರಲಿಲ್ಲ. ಕೆಂಪಿತ್ತು, ಪಾದರಸವಿತ್ತು, ಬೂದಿಯಿತ್ತು. ಬೂದಿ ಹಾಕಿ ಬೆಳ್ಳಿ ತಿಕ್ಕುವವರು ಯಾರು?

ಹೊಳೆದದ್ದು ಆ ಕ್ಷಣದಲ್ಲೇ ಎಂದು ಹೇಳುತ್ತ ಬಂದಿದ್ದೇನೆ. ಅದು ಸುಳ್ಳಿರಬೇಕು. ನಮ್ಮ ಮನೆಯ ಬೆಳ್ಳಿ ದೀಪಗಳನ್ನು ನಾನೇ ಪ್ರತಿ ಹಬ್ಬಕ್ಕೆ ವಿಭೂತಿ ಹಾಕಿ ತಿಕ್ಕುತ್ತೇನೆ; ಆದರೂ ಲ್ಯಾಬಿನ ಕೋಟು ಹಾಕಿಕೊಂಡು ನೋಡುವಾಗ ಅದು ನನಗೆ ಸುಣ್ಣದಂಶವೇ ಆಗಿತ್ತು. ಎರಡು ದಿನ ಹಾಗೇ ಇತ್ತೆಂದು ಕಾಣುತ್ತದೆ.

ಶೆಫೀಲ್ಡಿಗೆ ಹೋಗುತ್ತೇನೆಂದು ಕ್ಯುರೇಟರ್‌ಗೆ ತಿಳಿಸಿ ಒಂದು ಶನಿವಾರ ಹೊರಟೆ. ಬ್ರೂಮ್‌ಹಿಲ್‌ನಲ್ಲಿ, ಆಸ್ಪತ್ರೆಗಳ ಹತ್ತಿರದ ಬೀದಿಯಲ್ಲಿ ಅವರ ಮನೆ. ಡಾಕ್ಟರು ಅರಿವಳಿಕೆ ತಜ್ಞರಾಗಿದ್ದವರು. ಹೆಂಡತಿಯೂ ಡಾಕ್ಟರೇ, ಜಿಪಿಯಾಗಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರಾಗಿ ನಿವೃತ್ತರಾದವರು. ನಾನು ಮೇಡಂ ಎಂದೆ. "ಮೇಡಂ ಅಂದ್ರ ಬ್ಲಡ್ ಪ್ರೆಶರ್ ನೋಡಬೇಕಾಗ್ತದ. ಕಾಕು ಅನ್ನು," ಅಂದರು. ಧಾರವಾಡದ ಕಡೆ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ.

ಡಾಕ್ಟರು ಕೂರುವ ಮೊದಲೇ ಕೇಳಿದರು: "ಕನ್ನಡದಾಕಿನ್ನ ಕಳಿಸಿದ್ರ ಇಂವ ಬಾಯಿ ಬಿಡ್ತಾನ ಅಂತ ಲೆಕ್ಕ ಹಾಕ್ಯಾರೇನು?"

"ಯಾರೂ ಕಳಿಸಿಲ್ಲ ಸರ್, ನಾನೇ ಬಂದೆ. ಅವ್ರಿಗೆ ಹೇಳಿ ಬಂದಿದೀನಿ ಅಷ್ಟೆ."

"ಹೇಳಿ ಬಂದೀರಿ ಅಂದ್ರ ಕಳಿಸ್ಯಾರ ಅಂತನ ಆತು."

"ಆ ನಾಣ್ಯಗಳನ್ನ ಯಾವತ್ತಾದ್ರೂ ಪೂಜೆಗೆ ಇಟ್ಟಿದ್ರಾ?"

ಅವರು ನಕ್ಕರು. "ಪೂಜಿ? ನಾ ಟಿವಿಡೇಲ್ ಬಾಲಾಜಿ ಗುಡಿಗೆ ಈಕಿನ್ನ ಕರಕೊಂಡು ಹೋಗಿ ಕಾರ್‌ನ್ಯಾಗ ಕುಂತು ಕ್ರಾಸ್‌ವರ್ಡ್ ಮಾಡಾಂವ. ಪ್ರಸಾದ ಕಾರಿಗೇ ಬರ್ತದ."

"ಪುಳಿಯೋಗರೆ ಇದ್ದ ದಿನಾ ಅಷ್ಟ ಆಸ್ತಿಕರು," ಅಂದರು ಕಾಕು, ಅವಲಕ್ಕಿಯ ತಟ್ಟೆ ಇಡುತ್ತ. ನನ್ನ ಪ್ರಶ್ನೆಗೆ ಮಾತ್ರ ಅವರು ಉತ್ತರ ಕೊಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

"ಬೀರೂದ ಕೀಲಿ ನನ್ನ ಹತ್ರ ಇರ್ತದ," ಅಂದರು ಡಾಕ್ಟರು. "ಯಾರೂ ಮುಟ್ಟಿಲ್ಲ. ಬರಕೊಟ್ಟೀನಿ. ಇನ್ನೇನು ಬೇಕು?"

ಹೊರಡುವಾಗ ಕಾಕು "ತಡಿ, ಕುಂಕುಮ ಹಚಗೊಂಡು ಹೋಗು," ಎಂದು ಒಳಗಿನಿಂದ ಹಳೆಯ ಹಿತ್ತಾಳೆ ಡಬ್ಬಿ ತಂದರು. ಮನೆಗೆ ಬಂದ ಹೆಂಗಸನ್ನು ಬರೀ ಹಣೆಯಲ್ಲಿ ಕಳಿಸದ ರೂಢಿ. ನಾನು ಮುಖ ಮುಂದೆ ಮಾಡಿದೆ. ಅವರು ಹಚ್ಚುತ್ತಿರುವಾಗ ನಾನು ನೋಡುತ್ತಿದ್ದದ್ದು ಡಬ್ಬಿಯೊಳಗಿನ ಬಣ್ಣ. ಈಗಿನ ಪೊಟ್ಟಣಗಳ ಗುಲಾಬಿ ಛಾಯೆ ಅದಕ್ಕಿರಲಿಲ್ಲ. ಕಿತ್ತಳೆಗೆ ತಿರುಗುವ, ತೂಕದ ಕೆಂಪು.

ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿ, ಕನ್ನಡಿ ನೋಡಿಕೊಂಡು, ಹಣೆಯ ಕುಂಕುಮವನ್ನು ಶೋಧಕ ಕಾಗದದ ಮೇಲೆ ಒರೆಸಿ ಸಣ್ಣ ಚೀಲದಲ್ಲಿ ಹಾಕಿದೆ. ಅಂಥ ಕಾಗದ ಯಾವಾಗಲೂ ನನ್ನ ಬ್ಯಾಗಿನಲ್ಲಿರುತ್ತದೆ. ಸೋಮವಾರ ಅಳೆದೆ. ಪಾದರಸ.

ಫೋನು ಮಾಡಿದೆ. "ಕಾಕು, ನೀವು ಹಚ್ಚಿದ ಕುಂಕುಮ ಲ್ಯಾಬಲ್ಲಿ ಅಳೆದೆ."

"ಕೇಳಿದ್ರ ಡಬ್ಬಿನ ಕೊಡ್ತಿದ್ನಲ್ಲ. ಕಳ್ಳರಂಗ ಹಣಿ ಮ್ಯಾಲೆ ಒಯ್ಯೂದು ಯಾಕ?"

"ಅದ್ರಲ್ಲಿ ಪಾದರಸ ಇದೆ."

ಆ ಕಡೆಯಿಂದ ಈಗ ಜಿಪಿಯ ದನಿ: "ಕ್ಲಿನಿಕ್ಕಿಗೆ ಬಂದ ಎಷ್ಟು ಹೆಣ್ಮಕ್ಕಳಿಗೆ ಹೇಳೀನಿ ಗೊತ್ತದೇನು, ಸಿಕ್ಕ ಸಿಕ್ಕ ಸಿಂಧೂರ ಹಚ್ಚಬ್ಯಾಡ್ರಿ, ಟೆಸ್ಟ್ ಮಾಡ್ಸ್ರಿ ಅಂತ. ಇದು ನಮ್ಮವ್ವನ ಡಬ್ಬಿ. ಅವ್ವನ ಡಬ್ಬಿ ಯಾರು ಟೆಸ್ಟ್ ಮಾಡ್ತಾರ?" ಅವರು ನಗುತ್ತಿದ್ದರೋ ಇಲ್ಲವೋ ಫೋನಿನಲ್ಲಿ ತಿಳಿಯಲಿಲ್ಲ.

ಆಮೇಲೆ ಹೇಳಿದರು. ಶ್ರಾವಣದ ಶುಕ್ರವಾರ, ದೀಪಾವಳಿಯ ಲಕ್ಷ್ಮೀ ಪೂಜೆ. ಗಂಡನ ರೋಟಾದಲ್ಲಿ ರಾತ್ರಿ ಪಾಳಿ ಬಂದ ವರ್ಷ, ಅಂದರೆ ಹೆಚ್ಚುಕಡಿಮೆ ಎಲ್ಲ ವರ್ಷ, ಗಂಡ ಕೀಲಿ ಎಲ್ಲಿಡುತ್ತಾರೆಂದು ಇವರಿಗೆ ಗೊತ್ತಿದ್ದರಿಂದ ಬೀರುವಿನಿಂದ ನಾಣ್ಯಗಳ ತಟ್ಟೆ ಹೊರಗೆ ಬರುತ್ತಿತ್ತು. ಈ ದೇಶಕ್ಕೆ ಬಂದ ಹೊಸದರಲ್ಲಿ ಮನೆಯಲ್ಲಿ ಬೇರೆ ಬೆಳ್ಳಿ ಇರಲಿಲ್ಲ. ಆಮೇಲೆ ಬೆಳ್ಳಿ ಬಂದರೂ ಇವೇ ರೂಢಿಯಾದವು. ವಿಭೂತಿ ಹಾಕಿ ತಿಕ್ಕುವುದು, ಕುಂಕುಮ ಇಡುವುದು, ಬಟ್ಟೆಯಲ್ಲಿ ಒರೆಸಿ ಇದ್ದ ಹಾಗೇ ಇಡುವುದು.

"ಯಾವ ಕಡೆಗೆ ಕಾಕು?"

"ನಿಂತಾಳಲ್ಲ, ಆಕಿ ಕಡೆ. ಹಣ್ಣು ಹಿಡಕೊಂಡಾಳ, ಸೆರಗು ಹೊತಗೊಂಡಾಳ. ಒಬ್ಬಾಕಿ ಅಂತೂ ತಾನ ಧೂಪ ಹಾಕ್ಲಿಕತ್ತಾಳ. ಇನ್ನ ಲಕ್ಷ್ಮಿ ಹೆಂಗಿರ್ತಾಳ?"

"ಮುಖದ ಕಡೆ?"

"ಆಕಿ ಯಾವಕಿಯೋ ರಾಣಿ, ಯಾರ ಹೇಂತಿಯೋ. ಆಕಿಗೆ ನಾ ಯಾಕ ಪೂಜಿ ಮಾಡ್ಲಿ? ಮುಖಾ ಕೆಳಗ ಮಾಡಿ ಇಡ್ತಿದ್ದೆ. ಎಂದೂ ಮುಟ್ಟಿಲ್ಲ."

ಬೇಡವಾಗಿದ್ದ ಉತ್ತರ ಅದೇ. ಬೆನ್ನುಗಳೆಲ್ಲ ಪಾರಾದವು, ಫಾಸ್ಟಿನಾಳ ಕೆನ್ನೆ ಉಳಿಯಿತು.

ಅಂದು ಎರಡು ದಾರಿ ಇದ್ದವು. ವರದಿ ನಾನೇ ಬರೆದು ಸಹಿ ಹಾಕುವುದು ಒಂದು. ನಾಣ್ಯತಜ್ಞ ಏನನ್ನುತ್ತಾನೆಂದು ಗೊತ್ತಿತ್ತು: ಕನ್ನಡದ ಡಾಕ್ಟರಿಗೆ ಕನ್ನಡದ ತಂತ್ರಜ್ಞೆ ಒಂದು ಚೆಂದದ ಪೂಜೆಯ ಕಥೆ ಹುಡುಕಿಕೊಟ್ಟಳು. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ಕ್ಯುರೇಟರ್‌ಗೆ ಇನ್ನೊಂದು ದಾರಿ ಸೂಚಿಸಿ ಬರೆದೆ: ನಾನು ಸಹಿ ಹಾಕುವುದಿಲ್ಲ. ಯಂತ್ರವನ್ನು ಅದರ ಸೀಸದ ಪೆಟ್ಟಿಗೆ ಸಮೇತ ತರುತ್ತೇನೆ, ನಾಣ್ಯ ಇಡುವುದು, ಗುಂಡಿ ಒತ್ತುವುದು, ಓದುವುದು ಎಲ್ಲ ನಾಣ್ಯತಜ್ಞನೇ ಮಾಡಲಿ. ಕಾಕು ತಮ್ಮ ಡಬ್ಬಿ ತಂದು ಅವನಿಗೇ ಕೊಡಲಿ. ನಮ್ಮ ಮ್ಯಾನೇಜರ್‌ಗೆ ಇದು ಇಷ್ಟವಾಗಲಿಲ್ಲ, ಗಿರಾಕಿಯ ಕೈಗೆ ಯಂತ್ರ ಕೊಡುವುದುಂಟೇ ಎಂದ. ನಾನು ಪಕ್ಕದಲ್ಲೇ ನಿಂತಿರುತ್ತೇನೆ ಎಂದಿದ್ದಕ್ಕೆ ಒಪ್ಪಿದ.

ನಮ್ಮನಿಯವರಿಗೆ ನಾನೇ ಹೇಳ್ತೀನಿ, ನೀ ಹೇಳಬ್ಯಾಡ, ಅಂದಿದ್ದರು ಕಾಕು. ಹೇಳಿದರೋ ಇಲ್ಲವೋ ನನಗೆ ತಿಳಿದಿರಲಿಲ್ಲ.

ಸಂಗ್ರಹಾಲಯದ ಹಿಂದಿನ ಕೋಣೆ, ಉದ್ದನೆಯ ಮೇಜು. ಆ ದಿನ ಹೊರಗೆ ಬಿಸಿಲಿತ್ತೆಂದು ನನ್ನ ನೆನಪು. ಕ್ಯುರೇಟರನ್ನು ಕೇಳಿದರೆ ಆ ಕೋಣೆಗೆ ಕಿಟಕಿಯೇ ಇಲ್ಲ ಅನ್ನುತ್ತಾಳೆ. ಡಾಕ್ಟರು ಟೈ ಕಟ್ಟಿಕೊಂಡು ಬಂದಿದ್ದರು. ಕಾಕು ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತಂದಿದ್ದರು, ಮೇಲೆ ಪಾದರಸವೆಂದು ಇಂಗ್ಲಿಷಿನಲ್ಲಿ ಬರೆದ ಚೀಟಿ.

ಅಲ್ಲೊಂದು ನಿಯಮವಿತ್ತು: ಏನೆಂದು ಹೆಸರಿಸಲಾಗದ ಕೊಳೆಯನ್ನು ಒರೆಸಬಾರದು. ಕಾಕು ಎದ್ದು ನಿಂತು ಹಿಂಭಾಗದ ಕೆಂಪಿಗೂ ಬೂದಿಗೂ ಇಂಗ್ಲಿಷಿನಲ್ಲಿ ಹೆಸರು ಹೇಳಿದರು, ರೋಗಿಯ ಕೇಸು ಓದಿದ ಹಾಗೆ. ಡಾಕ್ಟರು ಮೇಜು ನೋಡುತ್ತ ಕೂತಿದ್ದರು; ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ. ಕಾರಿನಲ್ಲಿ ಬರುತ್ತ ಹೇಳಿರಬೇಕು ಎಂದುಕೊಂಡೆ.

ನಾಣ್ಯತಜ್ಞ ಡಬ್ಬಿಯ ಪುಡಿ ಅಳೆದ. ಸಾಮರಸ್ಯದ ಮೊಣಕಾಲಿನ ಬಳಿ ಹತ್ತಿಯ ಕಡ್ಡಿಯಿಂದ ಒಂದು ಚುಕ್ಕೆಯಷ್ಟು ಒರೆಸಿದ, ಅಳೆದ. ಪಾದರಸ ಹೋಗಿ ಬೆಳ್ಳಿ, ತಾಮ್ರ, ಸೀಸ, ಚಿನ್ನ ಬಂದವು, ಮುಖದ ಕಡೆ ಇದ್ದ ಹಾಗೇ. ಇನ್ನೊಂದು ನಾಣ್ಯ ತೆಗೆದುಕೊಂಡ, ಅದೂ ಹಾಗೇ. ನಾನು ಕೈಕಟ್ಟಿ ನಿಂತಿದ್ದೆ.

"ಸರಿ," ಎಂದ. "ಇವು ಅಸಲಿ." ಆಮೇಲೆ ಫಾಸ್ಟಿನಾಳನ್ನು ಸೂಕ್ಷ್ಮದರ್ಶಕದಡಿ ಇಟ್ಟ. ಗೋಡೆಯ ಮೇಲಿನ ಪರದೆಯಲ್ಲಿ ಅವಳ ಕೆನ್ನೆ ತಟ್ಟೆಯಷ್ಟಗಲವಾಯಿತು. ಕಿವಿಯಿಂದ ಗಲ್ಲದವರೆಗೆ ಕೂದಲೆಳೆಯಂಥ ಗೀರುಗಳಲ್ಲೆಲ್ಲ ಕೆಂಪು. "ಆದರೆ ಮುಖ ಎಂದೂ ಮುಟ್ಟಿಲ್ಲ ಅನ್ನುತ್ತೀರಿ."

"ಮುಟ್ಟಿಲ್ಲ," ಅಂದರು ಕಾಕು.

"ಪುಡಿ ಉದುರಿ ಬಿದ್ದಿರಬಹುದೇ?"

"ಮುಖ ಕೆಳಗಿರುತ್ತಿತ್ತು. ಉದುರುವ ಪುಡಿ ಮೇಲಕ್ಕೆ ಹೋಗುವುದಿಲ್ಲ."

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಅವರು ಅನ್ನಲಿಲ್ಲ.

"ಹಾಗಾದರೆ ಇದು ಬೇರೆಯ ಪಾದರಸ. ಒಳ್ಳೆಯ ನಾಣ್ಯಗಳ ನಡುವೆ ಒಂದು ಕೆಟ್ಟದ್ದನ್ನು ಸೇರಿಸಿ ದಾಟಿಸುವುದು ಹೊಸದೇನಲ್ಲ. ಇದನ್ನು ಕೊಯ್ಯಲೇಬೇಕು." ಕ್ಯುರೇಟರ್ ತಲೆಯಾಡಿಸಿದಳು. ಒಂದು ನಾಣ್ಯದ ಬಗ್ಗೆ ದಾನಿಯ ಮಾತು ನಿಲ್ಲದಿದ್ದರೆ ಉಳಿದವನ್ನೂ ತಾವು ತೆಗೆದುಕೊಳ್ಳುವಂತಿಲ್ಲ ಎಂದಳು, ಬೇಸರದಿಂದಲೇ.

ಡಾಕ್ಟರು ಪರದೆಯನ್ನು ನೋಡುತ್ತಿದ್ದರು. "ಅದು ನಾನು," ಎಂದರು, ಇಂಗ್ಲಿಷಿನಲ್ಲಿ.

ಅವರೇ ಮುಂದುವರಿಸಿದರು, ಸಣ್ಣ ಸಣ್ಣ ವಾಕ್ಯಗಳಲ್ಲಿ. ಹೆಂಡತಿಗೆ ಆಪರೇಷನ್ ಆದ ದಿನ. ಸ್ವಂತದವರಿಗೆ ಅರಿವಳಿಕೆ ಕೊಡುವ ಹಾಗಿಲ್ಲ, ಒಳಗೆ ಬಿಡಲೂ ಇಲ್ಲ. ಮನೆಗೆ ಹೋಗು ಎಂದರು. ಹೋದೆ. ಅವಳು ಏನೋ ಮಾಡುತ್ತಾಳೆಂದು ಗೊತ್ತಿತ್ತು, ಲೆನ್ಸ್ ಹಿಡಿದು ನೋಡುವವನಿಗೆ ಮಡಿಕೆಯಲ್ಲಿನ ಕೆಂಪು ಕಾಣುವುದಿಲ್ಲವೇ? ಅವಳ ಡಬ್ಬಿ ತೆಗೆದೆ. ತಟ್ಟೆಯಲ್ಲಿ ಮೊದಲು ಸಿಕ್ಕ ನಾಣ್ಯಕ್ಕೆ ಹಚ್ಚಿದೆ. ನಾಣ್ಯದವನಿಗೆ ಮುಖವೇ ಮುಂಭಾಗ. ಅವಳು ಯಾವ ಮಗ್ಗುಲಿಗೆ ಹಚ್ಚುತ್ತಾಳೆಂದು ಆ ಹೊತ್ತಿಗೆ ಹೊಳೆಯಲಿಲ್ಲ.

"ಹಾಗಾದರೆ ಯಾರೂ ಮುಟ್ಟಿಲ್ಲ ಎಂದು ಬರೆದುಕೊಟ್ಟದ್ದೇಕೆ?" ಎಂದ ನಾಣ್ಯತಜ್ಞ.

"ಅವಳು ಹೇಳದೇ ಇದ್ದದ್ದನ್ನು ನಾನು ಹೇಗೆ ಬರೆಯಲಿ?"

ಕಾಕು ಗಂಡನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: "ಯಾವ ಬೆರಳಲೇ ಹಚ್ಚಿದ್ರಿ?"

ಡಾಕ್ಟರು ತಮ್ಮ ಬಲಗೈಯನ್ನೊಮ್ಮೆ ನೋಡಿಕೊಂಡರು. ಹೆಬ್ಬೆರಳು ಎತ್ತಿದರು.

"ಏನು ಕೇಳಿದರು?" ಎಂದು ನಾಣ್ಯತಜ್ಞ ನನ್ನನ್ನು ಕೇಳಿದ. ಯಾವ ಬೆರಳೆಂದು ಕೇಳಿದರು ಎಂದೆ. ಅವನು ಹೆಬ್ಬೆರಳನ್ನೂ ಪರದೆಯನ್ನೂ ನೋಡಿದ. ಹತ್ತಿಯ ಕಡ್ಡಿ ತೆಗೆದುಕೊಂಡ. ಕೆನ್ನೆಯ ಒಂದು ಚುಕ್ಕೆ ಒರೆಸಿ ಅಳೆದಾಗ ಪಾದರಸ ಇರಲಿಲ್ಲ. ಕೆಳಗೆ ಬೆಳ್ಳಿ, ತಾಮ್ರ, ಸೀಸ, ಚಿನ್ನ. ಇನ್ನು ಗರಗಸದ ಮಾತಿಲ್ಲ ಎಂದ. ಕ್ಷಮೆ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಉಳಿದ ಕೆಂಪನ್ನು ಒರೆಸಬಾರದೆಂದು ಕ್ಯುರೇಟರ್ ತೀರ್ಮಾನಿಸಿದಳು.

ಯಂತ್ರವನ್ನು ಕಾರಿಗೆ ಹಾಕುವಾಗ ಕಾಕು ನನ್ನ ಹತ್ತಿರ ಬಂದು ನಿಂತರು. ಡಾಕ್ಟರು ಪಾರ್ಕಿಂಗ್ ದುಡ್ಡು ಕಟ್ಟಲು ಹೋಗಿದ್ದರು. ಕೇಳಬಾರದಿತ್ತು, ಕೇಳಿದೆ.

"ನೀವು ನಂಬಿದ್ರಾ ಕಾಕು?"

"ಆಯುಷ್ಯಪೂರ್ತಿ ಮಂದಿ ಮೂಗಿಗೆ ಮಾಸ್ಕ್ ಹಿಡದು 'ಏನೂ ಆಗೂದಿಲ್ಲ' ಅಂತ ಹೇಳಿದ ಮನಶಾ. ಸುಳ್ಳು ಹೇಳೂದು ಅವರಿಗೆ ಚಲೋ ಗೊತ್ತದ." ಅವರು ಗಂಡ ಹೋದ ದಿಕ್ಕಿಗೆ ನೋಡಿದರು. "ಆದ್ರ ಹೆಬ್ಬೆರಳು ಅಂದ್ರಲ್ಲ. ದೇವರಿಗೆ ಯಾರರ ಹೆಬ್ಬೆರಳಲೇ ಕುಂಕುಮ ಏರಸ್ತಾರೇನು? ಸುಳ್ಳು ಹೇಳಾಂವ ಉಂಗುರ ಬೆರಳು ಅಂತಿದ್ದ."

ಪರದೆಯ ಮೇಲಿನ ಆ ಗುರುತು ಉಂಗುರ ಬೆರಳು ಒತ್ತುವುದಕ್ಕಿಂತ ಅಗಲವಾಗಿತ್ತು, ನೋಡಿದ ಯಾರಾದರೂ ಹೆಬ್ಬೆರಳೆಂದು ಊಹಿಸಬಹುದಿತ್ತು; ಮತ್ತು ಡಾಕ್ಟರು ಬಾಯಿ ಬಿಡುವ ಮುಂಚೆ ಅದನ್ನು ತುಂಬ ಹೊತ್ತು ನೋಡಿದ್ದರು. ಅದನ್ನು ನಾನು ಕಾಕುಗೆ ಹೇಳಲಿಲ್ಲ.